ಪ.ಹೆ. ಇನ್ನೂ ಬಂದಿಲ್ಲ

ಮನುಷ್ಯಕುಲದ ಸಮಸ್ತ ಜ್ಞಾನವೂ ವಸ್ತುಗಳಿಗೆ ಹೆಸರಿಡುವುದರಿಂದ ಆರಂಭವಾಗಿ, ಆ ಹೆಸರುಗಳನ್ನು ಮೊಟಕು ಮಾಡುವುದರಲ್ಲಿ ಪರಿಪೂರ್ಣತೆ ಪಡೆಯುತ್ತದೆ. ಇದು ನನ್ನ ದೀರ್ಘಕಾಲದ ಚಿಂತನೆಯ ಫಲ. ದೀರ್ಘಕಾಲ ಎಂದರೆ ಇವತ್ತು ಬೆಳಿಗ್ಗೆ ಚಹಾ ಆರಿ ಕೆನೆಗಟ್ಟುವಷ್ಟು ಹೊತ್ತು. ಉಗುರು ಕತ್ತರಿಸುವ ಸಾಧನ ಹುಡುಕಲು ಮೇಜಿನ ಖಾನೆ ಎಳೆದಿದ್ದೆ. ಅದು ಸಿಗಲಿಲ್ಲ, ಹೋದ ವರ್ಷ ಕಣ್ಣಿನ ದವಾಖಾನೆಯಲ್ಲಿ ಕೊಟ್ಟಿದ್ದ ಕರಿ ಕನ್ನಡಕ ಸಿಕ್ಕಿತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ನಿವೃತ್ತ ಖಳನಾಯಕನಂತೆ ಕಂಡೆ. ಉಗುರು ಮರೆತುಹೋಯಿತು, ಹೆಬ್ಬಾತು ನೆನಪಾಯಿತು.

ಹೆಬ್ಬಾತು ಎಂದರೆ ಪಟ್ಟೆತಲೆ ಹೆಬ್ಬಾತು. ಹಿಮಾಲಯದ ಆಚೆಯಿಂದ ಹೊರಟು, ಆ ಪರ್ವತವನ್ನು ಹಾರಿ ದಾಟಿ, ದೀಪಾವಳಿ ಆಸುಪಾಸಿಗೆ ನಮ್ಮ ರಾಯಚೂರು ಸೀಮೆಯ ಕೆರೆಗಳಿಗೆ ಬಂದಿಳಿಯುವ ಹಕ್ಕಿ. ಜಗತ್ತಿನಲ್ಲಿ ಇಷ್ಟೊಂದು ತಂಪಾದ ಊರುಗಳಿರುವಾಗ ರಾಯಚೂರನ್ನು ಹುಡುಕಿಕೊಂಡು ಬರುವ ಜೀವಿ ಅದೊಂದೇ. ಆ ಕೃತಜ್ಞತೆಗಾದರೂ ಅದನ್ನು ಎದುರುಗೊಳ್ಳುವುದು ನಮ್ಮ ಕರ್ತವ್ಯವೆಂದು ನಾಲ್ಕು ಜನ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ.

ನಾಲ್ವರ ಪರಿಚಯ ಹೇಳಿಬಿಡುತ್ತೇನೆ. ಒಬ್ಬನು ನಾನು, ತಾರು ಆಫೀಸಿನಲ್ಲಿ, ಅಂದರೆ ಟೆಲಿಗ್ರಾಂ ಕಚೇರಿಯಲ್ಲಿ, ನೌಕರಿ ಮಾಡಿ, ತಾರು ಎಂಬ ಪದಾರ್ಥವೇ ದೇಶದಿಂದ ಹೋದ ಮೇಲೂ 'ತಾರ್ ಸಾಹೇಬ್ರು' ಎಂದು ಕರೆಸಿಕೊಳ್ಳುತ್ತಿರುವವನು. ಎರಡನೆಯವರು ಮಾನ್ವಿಯ ಬಸನಗೌಡರು, ಅಕ್ಕಿ ಗಿರಣಿಯ ಮಾಲೀಕರು. ಹೆಗಲ ಮೇಲೆ ಟವೆಲ್ಲು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಜೊತೆಗೆ ದುರ್ಬೀನು. ಮೂರನೆಯಾಕೆ ರೇಣುಕಾ, ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ನರ್ಸು. ಸ್ಕೂಟಿಯ ಮೇಲೆ ಊರೂರು ತಿರುಗಿ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಾಳೆ; ಕೂಸು ಅಳುವಷ್ಟು ಹೊತ್ತು ತಾನು ಬೇವಿನ ಮರದಲ್ಲಿ ಯಾವ ಹಕ್ಕಿ ಕುಂತಿದೆ ನೋಡುತ್ತಾಳೆ. ನಾಲ್ಕನೆಯವನು ಮಹಬೂಬ, ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಅವನಲ್ಲಿ ದುರ್ಬೀನು ಇಲ್ಲ. ಅವನು ನೋಡುವ ಹಕ್ಕಿಗಳೆಲ್ಲ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಹಕ್ಕಿಗಳು. ಹೀಗಾಗಿ ಅವನ ವರದಿಗಳಲ್ಲಿ ಬಾಲದ ವಿವರ ಹೆಚ್ಚು, ಮುಖದ ವಿವರ ಕಡಿಮೆ.

ಹೆಸರು ಮೊಟಕು ಮಾಡುವ ಚಟ ಗುಂಪಿಗೆ ಹತ್ತಿದ್ದು ನನ್ನಿಂದ. ತಾರಿನಲ್ಲಿ ಪ್ರತಿ ಶಬ್ದಕ್ಕೂ ಬೆಲೆಯಿತ್ತು. "ನಮ್ಮ ಅಜ್ಜಿಗೆ ಭಾಳ ಅಂದ್ರ ಭಾಳ ಆರಾಮಿಲ್ಲ, ಉಂಡಿದ್ದರ ಕೈ ತೊಳಕೊಂಡು, ಉಣ್ಣದಿದ್ದರ ಹಂಗ ಹೊಂಟು ಬಾ ಅಂತ ಬರೀರಿ" ಎಂದು ಬಂದವರ ದುಃಖವನ್ನು ಮೂರೇ ಶಬ್ದಕ್ಕೆ ಇಳಿಸಿ ಕಳಿಸುವುದು ನನ್ನ ಕಸುಬು. ಆ ಕಸುಬು ನಾಲಿಗೆಗೂ ಇಳಿಯಿತು. ನನ್ನ ಹೆಂಡತಿ ಗಿರಿಜಾ ನೆಂಟರ ಮುಂದೆ ಹೇಳುವುದುಂಟು: "ನಮ್ಮ ಮನ್ಯಾವ್ರು ಮಾತಾಡೂದು ನೋಡ್ರಿ, ಅಕ್ಷರಕ್ಕ ತೆರಿಗಿ ಹಾಕ್ಯಾರೇನೋ ಅನ್ನಂಗ ಮಾತಾಡ್ತಾರ. ಮದಿವಿ ಆದ ಹೊಸದಾಗ ನನ್ನ ಸೀರಿ ಹೆಂಗದ ಅಂತ ಕೇಳಿದ್ರ 'ಅದ' ಅಂದಿದ್ರು."

ಹೀಗೆ ಪಟ್ಟೆತಲೆ ಹೆಬ್ಬಾತು 'ಪ.ಹೆ.' ಆಯಿತು. ಗುಲಾಬಿ ಕಬ್ಬಕ್ಕಿ 'ಗು.ಕ.' ಆಯಿತು. ದಸರೆಯ ಹೊತ್ತಿಗೆ ಬರುವ ಬಿಳಿ ಸಿಪಿಲೆ 'ಬಿ.ಸಿ.' ಆಯಿತು. ಬೆಳಗಾದರೆ ಮೊಬೈಲು ಟಿಣ್ ಎನ್ನುತ್ತದೆ: 'ಯರಗೇರಾ ರಸ್ತೆ. ಬಿ.ಸಿ. ಬಂತು.' ನನ್ನೊಳಗೆ ಹಬ್ಬ. ಹೊರಗಿನವರು ನೋಡಿದರೆ ರೇಷನ್ ಅಂಗಡಿಗೆ ಏನೋ ಬಂದಿರಬೇಕು ಎಂದುಕೊಳ್ಳುತ್ತಾರೆ.

ಆದರೆ ಈ ಅಧಿಕಾರ ನನ್ನೊಬ್ಬನಲ್ಲೇ ಇರುವುದು ಪ್ರಜಾಪ್ರಭುತ್ವವಲ್ಲವೆಂದು ಗೌಡರು ತಕರಾರು ತೆಗೆದರು. ಆಗ ಒಂದು ನಿಯಮವಾಯಿತು: ಪ್ರತಿವರ್ಷ ಮೊದಲ ಪ.ಹೆ. ಯಾರ ಕಣ್ಣಿಗೆ ಬೀಳುತ್ತದೋ, ಮುಂದಿನ ಪ.ಹೆ. ಬರುವವರೆಗೂ ಹೊಸ ಸಂಕ್ಷೇಪಗಳನ್ನು ಹೊರಡಿಸುವ ಪರಮಾಧಿಕಾರ ಅವರದು. ಉಳಿದವರು ತುಟಿ ಪಿಟಕ್ಕೆನ್ನದೆ ಪಾಲಿಸಬೇಕು. ಒಂದು ವರ್ಷ ಗೌಡರು ಗೆದ್ದರು. ಬೂದು ಬಕಕ್ಕೆ 'ಮಾವ' ಎಂದು ಆಜ್ಞೆ ಹೊರಡಿಸಿದರು. ಇದು ಸಂಕ್ಷೇಪ ಹೇಗಾಗುತ್ತದೆಂದು ನಾನು ಪ್ರತಿಭಟಿಸಿದೆ.

"ಯಾಕಾಗಂಗಿಲ್ರೀ ಸಾಹೇಬ್ರ? ಎರಡ ಅಕ್ಷರ ಅದ. ಕುತಿಗಿ ಒಳಗ ಎಳಕೊಂಡು, ಯಾರ ಜೋಡಿನೂ ಮಾತಾಡದ, ತಾಸುಗಟ್ಟಲೆ ಒಂದ ಕಡಿ ನಿಂದ್ರತದ. ನಮ್ಮ ಮಾವ ಥೇಟ್ ಹಂಗ ನಿಂದ್ರತಿದ್ರು, ನಾ ಸೀರಿ ಕೊಡಸಲಾರದ ಹಬ್ಬಕ್ಕ ಹೋದಾಗ."

ಅಂದಿನಿಂದ ಈ ಜಿಲ್ಲೆಯ ಹೊಂಡಗಳಲ್ಲೆಲ್ಲ ಗೌಡರ ಮಾವಂದಿರು ನಿಂತಿದ್ದಾರೆ.

ಇನ್ನೊಂದು ನಿಯಮ ನಾನು ಮಾಡಿದ್ದು. ಕಣ್ಣಿನಿಂದ ಕಂಡದ್ದಷ್ಟೇ ಲೆಕ್ಕ; ಕಿವಿಯಿಂದ ಕೇಳಿದ್ದು ಲೆಕ್ಕವಲ್ಲ. ಒಮ್ಮೆ ಮಹಬೂಬ, ಬಸ್ಸು ಕೆಟ್ಟು ನಿಂತಾಗ ಗದ್ದೆ ಗೊರವದ ಕೂಗು ಕೇಳಿತೆಂದು ಬರೆದ. ನಾನು ತಿರಸ್ಕರಿಸಿದೆ.

"ಸಾಹೇಬ್ರ, ಖರೇ ಕೇಳೀನಿ. ಅಲ್ಲಾನ ಆಣಿ."

"ಕೇಳಿರಬಹುದಪ್ಪ. ನೋಡಿದ್ದಿಲ್ಲಲ್ಲ? ಕಿವಿಗೆ ನಮ್ಮ ಗುಂಪಿನಾಗ ಸದಸ್ಯತ್ವ ಇಲ್ಲ."

ಈ ವಾಕ್ಯ ಹೇಳಿ ನನಗೆ ನಾನೇ ಬಹಳ ಮೆಚ್ಚಿಕೊಂಡಿದ್ದೆ. ಮುಂದೆ ಅದು ಯಾವ ರೂಪದಲ್ಲಿ ತಿರುಗಿ ಬಂದೀತು ಎಂಬ ಕಲ್ಪನೆ ಇರಲಿಲ್ಲ.

ಹಕ್ಕಿಯ ಹುಚ್ಚು ಎಲ್ಲಿಂದ ಬಂತು ಎಂದು ಕೇಳಬಹುದು ನೀವು. ಕೇಳದಿದ್ದರೂ ಹೇಳುತ್ತೇನೆ, ವಯಸ್ಸಾದವರ ಕೈಗೆ ಲೇಖನಿ ಕೊಟ್ಟರೆ ಹೀಗೇ. ಕಲ್ಮಲದಲ್ಲಿ ನಮ್ಮ ಅಜ್ಜಿಯ ಜೋಳದ ಹೊಲವಿತ್ತು. ತೆನೆ ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಮಂಚಿಗೆ ಕಟ್ಟಿ, ನನ್ನ ಕೈಗೆ ಕವಣೆ ಕೊಟ್ಟು ಹತ್ತಿಸುತ್ತಿದ್ದರು. ಗು.ಕ.ಗಳು ಮೋಡದಂತೆ ಬರುತ್ತಿದ್ದವು. ಒಂದು ಸಲ ಎಡಕ್ಕೆ ವಾಲಿದರೆ ಇಡೀ ಆಕಾಶ ಎಡಕ್ಕೆ ವಾಲಿದಂತೆ. ತಿರುಗಿದರೆ ಸಾವಿರ ಎದೆಗಳು ಒಟ್ಟಿಗೆ ಗುಲಾಬಿಯಾಗುತ್ತಿದ್ದವು. ನಾನು ಕವಣೆಗೆ ಕಲ್ಲು ಹಾಕಿ, ಬಾಯಿ ತೆರೆದು, ಕಲ್ಲು ಬೀಸುವುದನ್ನು ಮರೆತು ನಿಲ್ಲುತ್ತಿದ್ದೆ. ಕೆಳಗಿನಿಂದ ಅಜ್ಜಿಯ ಕೂಗು:

"ಯಪ್ಪಾ, ಹಕ್ಕಿ ಹೊಡಿಯಾಕ ಏರ್ಸೀನಿ ನಿನ್ನ, ಹೆಣ್ಣು ನೋಡಾಕಲ್ಲ!"

ಅಜ್ಜಿಯ ಪಕ್ಷಿಶಾಸ್ತ್ರದಲ್ಲಿ ಎರಡೇ ಪಂಗಡ: ಜೋಳ ತಿನ್ನುವಂಥವು, ತಿನ್ನದಂಥವು. ಇದಕ್ಕಿಂತ ಚಿಕ್ಕ ಸಂಕ್ಷೇಪವನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ನನ್ನ ಕಾವಲಿನ ವರ್ಷ ಇಳುವರಿ ಕಡಿಮೆಯಾಯಿತೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಮರುವರ್ಷ ಮಂಚಿಗೆ ಹತ್ತಿಸಲಿಲ್ಲ, ಅಷ್ಟೆ.

ಇನ್ನು ಕಣ್ಣಿನ ಸಂಗತಿ. ನನ್ನ ಎಡಗಣ್ಣು ಹುಟ್ಟಾ ಸೋಮಾರಿ. ಮುಖದ ಸಮತೋಲಕ್ಕೆಂದು ಇಟ್ಟಂತಿದೆ. ಬೆಳಕು ಕತ್ತಲೆ ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಜೀವಮಾನವೆಲ್ಲ ದುಡಿದದ್ದು ಬಲಗಣ್ಣು. ಹೋದ ವರ್ಷ ಅದಕ್ಕೆ ಮೋತಿಬಿಂದು, ಅಂದರೆ ಪೊರೆ, ಬಂತು. ದಸರೆ ಮುಗಿದ ಮೇಲೆ ಆಪರೇಷನ್ ಆಯಿತು. ಎಲ್ಲರಿಗೂ ಎರಡು ದಿನದಲ್ಲಿ ತಿಳಿಯಾಗುವ ಕಣ್ಣು ನನಗೆ ತಿಳಿಯಾಗಲಿಲ್ಲ. ಒಳಗೆ ಬಾವು ಬಂದಿದೆ ಎಂದರು ಡಾಕ್ಟರು. "ಇಳೀತದ್ರೀ. ಇಳೀಬೇಕು. ನೋಡೂಣು" ಎಂದರು. ಡಾಕ್ಟರ ಬಾಯಲ್ಲಿ 'ನೋಡೂಣು' ಎಂಬ ಶಬ್ದ ಎಷ್ಟು ಭಯಂಕರವೆಂದು ಒಂದೇ ಕಣ್ಣಿನವನಿಗೆ ಗೊತ್ತು. ಧೂಳು, ಬಿಸಿಲು, ಮೊಬೈಲು ಮೂರೂ ನಿಷಿದ್ಧ. ಧೂಳು ಮತ್ತು ಬಿಸಿಲು ಬಿಟ್ಟರೆ ರಾಯಚೂರಿನಲ್ಲಿ ಉಳಿಯುವುದೇನೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನಾನು ಕತ್ತಲೆ ಕೋಣೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತೆ. ಗುಂಪಿನ ಸಂದೇಶಗಳನ್ನು ಓದುವ ಹೊಣೆ ಗಿರಿಜಾಳದಾಯಿತು. ಆಕೆ ಚುಕ್ಕಿಯನ್ನೂ ಬಿಡದೆ ಓದುತ್ತಿದ್ದಳು: "ಪ ಚುಕ್ಕಿ ಹೆ ಚುಕ್ಕಿ ಇನ್ನೂ ಬಂದಿಲ್ಲ. ಮಾವ ಕಾಲುವಿ ದಂಡಿಗಿ ನಿಂತಾನ. ಅಯ್ಯ, ಇದೇನ್ರೀ, ಗೌಡ್ರ ಮಾವ ತೀರಿಕೊಂಡು ಎಷ್ಟೋ ವರ್ಷ ಆತಲ್ಲ?"

ದೀಪಾವಳಿ ಬಂತು. ಅಂಗಳದಲ್ಲಿ ಗಿರಿಜಾ ಹಚ್ಚಿದ ಪಣತಿಗಳು ನನಗೆ ಒಂದೊಂದು ಎರಡೆರಡಾಗಿ, ಅಂಚು ಕರಗಿ ಕಂಡವು. ದಿನಾ ಬೆಳಿಗ್ಗೆ ಕೇಳುತ್ತಿದ್ದೆ: "ಪ.ಹೆ.?" ಆಕೆ ಓದುತ್ತಿದ್ದಳು: "ಇನ್ನೂ ಬಂದಿಲ್ಲ." ಗೌಡರಿಂದಲೂ ಇಲ್ಲ, ರೇಣುಕಾಳಿಂದಲೂ ಇಲ್ಲ, ಮಹಬೂಬನಿಂದಲೂ ಇಲ್ಲ. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರಿಗೆ ಬರುವವರು ಕಲ್ಮಲದ ಕೂಡುರಸ್ತೆ ದಾಟಿಯೇ ಬರಬೇಕು. ಅದರ ಈಚೆಗೆ, ರಸ್ತೆಗೆ ಹತ್ತಿಕೊಂಡೇ ಒಂದು ಕೆರೆಯಿದೆ. ಪ್ರತಿವರ್ಷ ಹೆಬ್ಬಾತು ಮೊದಲು ಇಳಿಯುವುದು ಅಲ್ಲೇ. ಮೂವರೂ ಅದರ ಪಕ್ಕದಲ್ಲೇ ಓಡಾಡುವವರು.

ಚಳಿ ಬಿತ್ತು. ಸಂದೇಶ ಅದೇ. ಕೊನೆಗೆ ನಾನು ಗೌಡರಿಗೆ ಫೋನು ಮಾಡಿಸಿದೆ.

"ಗೌಡ್ರ, ಕಲ್ಮಲದ ಕೆರ್ಯಾಗ ಏನದ?"

"ಏನೂ ಕಂಡಿಲ್ರೀ ಸಾಹೇಬ್ರ."

"ನೀರು?"

"ನೀರು... ಇರಬೇಕ್ರಿ."

"ಇರಬೇಕಂದ್ರ? ನಾಮದ ಕೋಳಿನಾದ್ರೂ ಅದಾವಿಲ್ಲ?"

"ಏನಂದ್ರ ಏನೂ ಕಂಡಿಲ್ರೀ. ನೀವು ಫಿಕರ್ ಮಾಡಬ್ಯಾಡ್ರಿ. ಡ್ರಾಪ್ಸ್ ಹಾಕ್ಕೋರಿ" ಎಂದು ಇಟ್ಟೇಬಿಟ್ಟರು.

ನೀರಿರುವ ಕೆರೆಯಲ್ಲಿ, ಚಳಿಗಾಲದಲ್ಲಿ, ಒಂದು ನಾಮದ ಕೋಳಿಯೂ ಇಲ್ಲವೆಂದರೆ ಅದನ್ನು ನಂಬಲು ಹಕ್ಕಿ ನೋಡದವರು ಬೇಕು. ಹಣೆಗೆ ಬಿಳಿ ನಾಮ ಎಳೆದುಕೊಂಡ ಆ ಕರಿ ಕೋಳಿಗಳು ಕೆರೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಇರುತ್ತವೆ. ಅವನ್ನು ನೋಡದಿರಲು ಪ್ರಯತ್ನಪಡಬೇಕು. ಹಾಗಾದರೆ ಇವರು ಸುಳ್ಳು ಹೇಳುತ್ತಿದ್ದಾರೆ. ಯಾಕೆ? ಉತ್ತರಕ್ಕೆ ಬಹಳ ದೂರ ಹೋಗಬೇಕಾಗಲಿಲ್ಲ. ನನಗೆ ಇನ್ನು ಕಾಣುವುದಿಲ್ಲವೆಂದು ಇವರಿಗೆ ಗೊತ್ತಾಗಿದೆ. ರೇಣುಕಾ ದವಾಖಾನೆಯವಳು, ಡಾಕ್ಟರನ್ನು ಕೇಳಿರಬೇಕು. ಮುದುಕನ ಎದುರು ಹಕ್ಕಿಯ ಮಾತು ಎತ್ತಿ ನೋಯಿಸಬಾರದೆಂದು ಮೂವರೂ ಒಂದಾಗಿದ್ದಾರೆ.

ಆಮೇಲೆ ನಾನು ಪ.ಹೆ. ಕೇಳುವುದನ್ನು ನಿಲ್ಲಿಸಿದೆ. ಒಂದು ಸಂಜೆ ಗಿರಿಜಾಳಿಗೆ ಹೇಳಿದೆ: "ದುರ್ಬೀನು ಮಹಬೂಬಗ ಕೊಟ್ಟುಬಿಡು. ಅವನ ಹತ್ರ ಇಲ್ಲ."

"ಕೊಡೂನು ಬಿಡ್ರಿ. ಏನವಸರ ಅದ?" ಎಂದಳು. ದನಿ ಸ್ವಲ್ಪ ಬೇರೆಯಾಗಿತ್ತು. ಅಳು ನುಂಗುತ್ತಿದ್ದಾಳೆ ಎಂದುಕೊಂಡೆ. ನಗು ನುಂಗುತ್ತಿದ್ದಳೆಂದು ಗೊತ್ತಾಗಲು ಕಣ್ಣು ಬೇಕಿತ್ತು.

ಬಾವು ನಿಧಾನಕ್ಕೆ ಇಳಿಯಿತು. ಒಂದು ದಿನ ಡಾಕ್ಟರು ದೀಪ ಹಾಯಿಸಿ ನೋಡಿ, "ಕರಿ ಕನ್ನಡಕ ಹಾಕ್ಕೊಂಡು ಹೊರಗ ಹೋಗಬಹುದ್ರಿ. ಎಷ್ಟು ಸ್ಪಷ್ಟ ಕಾಣ್ತದ ಅನ್ನೂದು ನೀವ ನೋಡಿ ಹೇಳಬೇಕು" ಎಂದರು. ಮರುದಿನ ಹೊತ್ತು ಏರುವ ಮುಂಚೆ ಮನೆಯ ಮುಂದೆ ಗೌಡರ ಜೀಪು ನಿಂತಿತು. ಒಳಗೆ ರೇಣುಕಾ. ಹಿಂದೆ ಮಹಬೂಬ, ರಜೆ ಹಾಕಿ ಬಂದಿದ್ದ. ಗಿರಿಜಾ ಕೇಳದೆಯೇ ದುರ್ಬೀನು ತಂದು ನನ್ನ ಕೊರಳಿಗೆ ಹಾಕಿದಳು. ವಧುವಿಗೆ ಹಾರ ಹಾಕುವವರಷ್ಟು ಸಂಭ್ರಮವಿತ್ತು ಆಕೆಗೆ.

"ಎಲ್ಲಿಗೆ?" ಎಂದೆ.

"ಒಗ್ಗರಣಿ ಮಿರ್ಚಿ ತಿನ್ನಾಕ್ರಿ ಕಾಕಾ, ಸುಮ್ನ ಕೂಡ್ರಿ" ಎಂದಳು ರೇಣುಕಾ.

ಜೀಪು ಕಲ್ಮಲದ ರಸ್ತೆ ಹಿಡಿಯಿತು. ಕೆರೆ ಹತ್ತಿರವಾಗುತ್ತಿದ್ದಂತೆ ವಿಚಿತ್ರವೊಂದು ನಡೆಯಿತು. ಗೌಡರು ಟವೆಲ್ಲನ್ನು ಹೆಗಲಿನಿಂದ ತೆಗೆದು ಕಿಟಕಿಯ ಗಾಜಿಗೆ ಸಿಕ್ಕಿಸಿದರು. ಮಹಬೂಬ ತಲೆ ತಗ್ಗಿಸಿ ತನ್ನ ಬೂಟು ನೋಡತೊಡಗಿದ. ರೇಣುಕಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಜೀಪು ನಿಂತಿತು. ನನ್ನನ್ನು ಇಳಿಸಿ, ಕೆರೆಯ ಏರಿಯ ಮೇಲೆ ನಿಲ್ಲಿಸಿ, ಮೂವರೂ ನೀರಿಗೆ ಬೆನ್ನು ಮಾಡಿ ಸಾಲಾಗಿ ನಿಂತರು. ರಸ್ತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಎಮ್ಮೆಗಳನ್ನು ಬಿಟ್ಟು ಇವರನ್ನೇ ನೋಡಿದ.

"ಏನಿದು?" ಎಂದೆ.

"ನೀವು ನೋಡ್ರಿ ಸಾಹೇಬ್ರ," ಎಂದರು ಗೌಡರು, ಹೊಲದ ಕಡೆ ಮುಖ ಮಾಡಿಕೊಂಡೇ. "ನಾವ್ಯಾರೂ ಇನ್ನೂ ನೋಡಿಲ್ಲ."

"ಇಷ್ಟು ದಿನ?"

"ಇಷ್ಟು ದಿನಾನೂ ನೋಡಿಲ್ಲ. ದೀಪಾವಳಿ ಮುಂದ ಒಂದಿನ ಆಂಗ್ ಆಂಗ್ ಅಂತ ಕೇಳ್ತು. ಕೇಳಿದ ಕೂಡ್ಲೆ ಕಿಟಕಿಗಿ ಟವೆಲ್ ಅಡ್ಡ ಹಿಡದು ಹೋಗಿ, ಇವ್ರಿಬ್ರಿಗೂ ತಿಳಿಸಿಬಿಟ್ಟೆ. ಕಿವಿಗಿ ಸದಸ್ಯತ್ವ ಇಲ್ಲ ಅಂದವ್ರು ನೀವ ಅಲ್ರೀ? ಹಂಗಾಗಿ ಸುಳ್ಳೂ ಹೇಳಿಲ್ಲ ನಾ. ಅವತ್ತಿಂದ ಈ ಕೆರಿ ಕಡಿ ಕಣ್ಣೆತ್ತಿಲ್ಲ. ನಾಮದ ಕೋಳಿ ಅದಾವೇನು ಅಂತ ಕೇಳಿದ್ರ ಎಲ್ಲಿಂದ ಹೇಳ್ಲಿ?"

"ನಾ ಕೂಡುರಸ್ತಿ ಬಂದ್ರ ಹೆಲ್ಮೆಟ್ ಗಾಜು ಇಳಿಸಿ, ಅದರ ಮ್ಯಾಲ ಕರ್ಚೀಪು ಕಟ್ಕೊಂಡು ಸ್ಕೂಟಿ ನೂಕ್ಕೊಂಡು ದಾಟ್ತೀನಿ ಕಾಕಾ," ಎಂದಳು ರೇಣುಕಾ. "ಮಂದಿ ಕಣ್ಬ್ಯಾನಿ ಬಂದದ ಅಂತ ತಿಳಕೊಂಡು ನನಗ ಔಷಧ ಹೇಳಾಕತ್ತಾರ. ನರ್ಸಿಗಿ!"

"ಜಲ್ದಿ ನೋಡ್ರಿ ಸಾಹೇಬ್ರ," ಎಂದ ಮಹಬೂಬ. "ಈ ಸ್ಟೇಜ್ ಬಂತಂದ್ರ ಕೆರಿಗೆ ಬೆನ್ನು ಮಾಡಿ ಟಿಕೀಟ್ ಹರೀತಿದ್ದೆ. ಟಿಕೀಟ್ ತಗೊಂಡವ್ರಿಗೂ ಮತ್ತ ಟಿಕೀಟ್ ಕೇಳೀನಿ. ಒಬ್ಬ ಯವ್ವ ಕೈ ಎತ್ತಿದ್ಲು ನನ್ನ ಮ್ಯಾಲ."

ಮೊದಲು ನಾನು ನೋಡಬೇಕೆಂದು, ಹಿಮಾಲಯ ದಾಟಿ ಬಂದ ಹಕ್ಕಿಗೆ ಮೂವರು ಇಷ್ಟು ದಿನ ಬೆನ್ನು ಮಾಡಿದ್ದರು. ಹಕ್ಕಿ ನೋಡುವವರಿಗೆ ಕಣ್ಣು ಮುಚ್ಚಿಕೊಳ್ಳುವುದು ಎಂಥ ಉಪವಾಸವೆಂದು ನನಗೆ ಗೊತ್ತಿತ್ತು. ಆಗಷ್ಟೇ ಮುಗಿಸಿ ಬಂದಿದ್ದೆ. ಆದರೆ ಇಷ್ಟೆಲ್ಲ ಆದ ಮೇಲೆ ನನಗೆ ಕಾಣದೇ ಹೋದರೆ? ಬೆನ್ನು ಮಾಡಿ ನಿಂತ ಆ ಮೂವರಿಗೆ ಏನು ಹೇಳುವುದು?

ಕರಿ ಕನ್ನಡಕ ತೆಗೆದೆ. ದುರ್ಬೀನು ಎತ್ತಿದೆ. ಬೆಳ್ಳಗೆ ಏನೋ ಅಲ್ಲಾಡಿತು. ಅಂಚು ಕರಗಿತ್ತು, ದೀಪಾವಳಿಯ ಪಣತಿಯ ಹಾಗೆ. ತಿರುಪು ತಿರುಗಿಸಿದೆ. ನೋಟ ಅತ್ತ ಹೋಯಿತು, ಇತ್ತ ತಂದೆ. ಕೊನೆಗೆ ರೇಣುಕಾ, ಕಣ್ಣಿನ ದವಾಖಾನೆಯಲ್ಲಿ ಗೋಡೆಯ ಅಕ್ಷರ ಓದಿಸುವವರ ದನಿಯಲ್ಲಿ, ಹೊಲಕ್ಕೆ ಮುಖ ಮಾಡಿಕೊಂಡೇ ಕೇಳಿದಳು:

"ಕಾಕಾ, ತಲಿ ಯಾವ ಬಣ್ಣ?"

"ಬಿಳಿ."

"ಅದರ ಮ್ಯಾಲ?"

ತಿರುಪು ಇನ್ನೊಂದು ಕೂದಲೆಳೆಯಷ್ಟು. ನೀರು ನೀರಾಯಿತು, ಹುಲ್ಲು ಹುಲ್ಲಾಯಿತು. ಬಿಳಿ ಎಂದರೆ ಇಷ್ಟು ಬಿಳಿಯೆಂದು ಎಷ್ಟೋ ವರ್ಷಗಳಿಂದ ಮರೆತಿದ್ದೆ. ಮೋತಿಬಿಂದು ಜಗತ್ತಿಗೆಲ್ಲ ಅರಿಶಿನ ಹಚ್ಚಿಟ್ಟಿತ್ತು.

"ಪಟ್ಟಿ," ಎಂದೆ. "ಕರಿ ಪಟ್ಟಿ. ಎರಡು."

"ಕೊಕ್ಕು?"

"ಹಳದಿ. ತುದಿಗೆ ಕರಿ."

ಗೌಡರು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡರು. ನೆಲ್ಲಿನ ಧೂಳು ಎಂದರು. ಗಿರಣಿ ಅಲ್ಲಿಂದ ಬಹಳ ದೂರ.

ನಿಯಮ ನಿಯಮವೇ. ನಾನು ಮೊಬೈಲು ತೆಗೆದು, ಎಷ್ಟೋ ದಿನಗಳ ಮೇಲೆ ನನ್ನ ಕೈಯಾರೆ ಬರೆದು ಕಳಿಸಿದೆ. ಪಕ್ಕದಲ್ಲೇ ನಿಂತ ಮೂವರ ಜೇಬು, ಚೀಲಗಳಲ್ಲಿ ಟಿಣ್ ಟಿಣ್ ಟಿಣ್ ಎಂದಿತು. ಮೂವರೂ ಓದಿ, ಆಮೇಲೆ ತಿರುಗಿದರು. ಮಹಬೂಬನಿಗೆ ದುರ್ಬೀನು ಕೊಟ್ಟೆ. ನಿಂತ ಹಕ್ಕಿಯ ಮುಖವನ್ನು ಅವನು ಎಷ್ಟು ಹೊತ್ತು ನೋಡಿದನೆಂದರೆ, ಗೌಡರು "ಲೇ, ನಮಗೂ ಜರಾ ಉಳಸೋ" ಎನ್ನಬೇಕಾಯಿತು.

"ಅಧಿಕಾರ ಈಗ ನಿಮ್ದ್ರಿ ಸಾಹೇಬ್ರ," ಎಂದರು ಗೌಡರು ಮಿರ್ಚಿ ಅಂಗಡಿಯಲ್ಲಿ. "ಏನರ ತೆಗೀರಿ, ನಮ್ಮ ಮಾವನ್ನ ತೆಗೀಬ್ಯಾಡ್ರಿ."

ತೆಗೆಯಲಿಲ್ಲ. ಆ ಇಡೀ ವರ್ಷ ಒಂದೇ ಒಂದು ಹೊಸ ಆಜ್ಞೆ ಹೊರಡಿಸಿದೆ: ಮಹಬೂಬ ಕೇಳಿದ ಗದ್ದೆ ಗೊರವ ಮಂಜೂರಾಗಿದೆ. ಅವರಿಗೆ ಧನ್ಯವಾದ ಹೇಳಬೇಕೆಂದು ಹಲವು ಸಲ ಮೊಬೈಲು ಹಿಡಿದೆ. ತಾರಿನ ಕೈ, 'ಧ.' ಎಂದು ಬರೆದು ನಿಂತುಬಿಡುತ್ತಿತ್ತು. ಹಾಗೇ ಕಳಿಸಿದೆ. ಯಾವ ಹಕ್ಕಿ ಇದು ಎಂದು ಮೂವರೂ ಕೇಳಿದರು. ಆ ಒಂದಕ್ಷರವನ್ನೇ ಇವತ್ತು, ಕರಿ ಕನ್ನಡಕ ಸಿಕ್ಕ ನೆಪದಲ್ಲಿ, ಬಿಡಿಸಿ ಬರೆದದ್ದಾಯಿತು.

ಅಂದು ಬೆಳಿಗ್ಗೆ ಏರಿಯ ಮೇಲಿಂದ ನಾನು ಕಳಿಸಿದ ಸಂದೇಶ ಗುಂಪಿನಲ್ಲಿ ಇನ್ನೂ ಇದೆ: 'ಕಲ್ಮಲ ಕೆರೆ. ಪ.ಹೆ. ಬಂದಿವೆ.' ಕೆರೆಯಲ್ಲಿ ನಾಮದ ಕೋಳಿಗಳೂ ಇದ್ದವು.